ಹುಸಿಮಾಂಸದ ಬಾವಿ

ಆ ಬಾವಿಗೆ ಕಬ್ಬಿಣದ ಮುಚ್ಚಳ ಇತ್ತು. ಇದನ್ನ ಮೊದಲೇ ಹೇಳಿಬಿಡ್ತೀನಿ. ಆಮೇಲೆ "ಬೆಕ್ಕು ಬಿದ್ದಿರಬೇಕು, ಗಾಳಿ ಇರಬೇಕು" ಅಂತ ಯಾರೂ ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ದಪ್ಪ ಕಬ್ಬಿಣ. ಎತ್ತೋಕೆ ಎರಡೂ ಕೈ ಬೇಕು. ಎತ್ತಿದ್ರೆ ಕಿರ್ರ್... ಅಂತ ಇಡೀ ಹಿತ್ತಲಿಗೆ ಕೇಳಿಸೋದು.

ನಮ್ಮ ಚಿಕ್ಕಮ್ಮನ ಮಗ ಆವತ್ತು ಲ್ಯಾಬಿನಲ್ಲಿ ಕೆಲಸ ಮುಗಿಸಿ ಹಿಂದಿನ ಗೇಟಿನ ಕಡೆ ಹೊರಟಿದ್ದ. ಏಳೂವರೆ ಇರಬೇಕು. ಚಳಿಗಾಲ, ಬೇಗ ಕತ್ತಲಾಗೋದು. ಬಾವಿ ದಾಟಿದ್ರೆ ಗೇಟು, ಗೇಟು ದಾಟಿದ್ರೆ ರಸ್ತೆ. ದಿನಾ ಓಡಾಡೋ ದಾರಿ. ಬಾವಿ ಹತ್ತಿರ ಬಂದಾಗ ಕರ್ಚೀಫು ತೆಗೆದು ಮೂಗು ಮುಚ್ಕೊಳ್ಳೋದು ಅವನಿಗೆ ರೂಢಿಯಾಗಿತ್ತು. ಅಂಥ ನಾತ.

ಆಗ ಕೇಳಿಸ್ತು.

ಪಚಕ್...

ನಿಂತ. ಆ ಸದ್ದು ಅವನಿಗೆ ಗೊತ್ತು. ದಿನಕ್ಕೆ ಎಷ್ಟೋ ಸಲ ಅವನ ಕೈಯಿಂದಲೇ ಬರೋ ಸದ್ದು ಅದು. ಲೋಳೆ ಮೇಲೆ ಒತ್ತಿಟ್ಟ ವಸ್ತುವನ್ನ ಮೆಲ್ಲಗೆ ಎತ್ತಿದಾಗ ಬರೋ ಸದ್ದು. ಒದ್ದೆ, ಅಂಟು, ಕೊನೆಯಲ್ಲಿ ಒಂದು ಚೂರು ಗಾಳಿ ಎಳ್ಕೊಂಡ ಹಾಗೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು.

ಪಚಕ್...

ಮೂರನೇದು ಬರುತ್ತೆ ಅಂತ ಕಾದ. ಯಾಕೆ ಮೂರಕ್ಕೆ ಕಾದ ಅಂತ ಆಮೇಲೆ ಹೇಳ್ತೀನಿ. ಮೂರನೇದು ಬರಲಿಲ್ಲ. ಅದರ ಬದಲು ಮುಚ್ಚಳದ ಕೆಳಗಿಂದ ಯಾರೋ ಪಿಸುಗುಟ್ಟಿದ್ರು. ಗಂಟಲಲ್ಲಿ ಬರೀ ಉಸಿರು ಉಳಿದು ದನಿ ಹೋದೋರು ಮಾತಾಡ್ತಾರಲ್ಲ, ಹಾಗೆ.

"ಇನ್ನೊಂದ್ಸಲ ನೋಡೋ..."

ಹೆಂಗಸೋ ಗಂಡಸೋ ಗೊತ್ತಾಗಲಿಲ್ಲ. ಮುಚ್ಚಳ ಮಾತ್ರ ಮುಚ್ಚಿದ ಹಾಗೇ ಇತ್ತು. ಅವನು ಗೇಟಿನವರೆಗೂ ಓಡಲಿಲ್ಲ, ಬೇಗ ಬೇಗ ನಡೆದೆ ಅಂತಾನೆ. ನನಗೆ ನಂಬಿಕೆ ಇಲ್ಲ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಬಂದಿದ್ದ.

ಅವನ ಕೆಲಸ ಏನು ಅಂತ ಹೇಳದಿದ್ರೆ ನಿಮಗೆ ತಲೆಬುಡ ಅರ್ಥ ಆಗಲ್ಲ. ಡಾಕ್ಟರ ಹತ್ತಿರ ಸ್ಕ್ಯಾನ್ ಮಾಡ್ತಾರಲ್ಲ, ತಣ್ಣನೆ ಲೋಳೆ ಹಚ್ಚಿ, ಅದರ ಮೇಲೆ ಒಂದು ಹಿಡಿ ಆಡಿಸ್ತಾ ಹೋಗ್ತಾರೆ, ಪರದೆ ಮೇಲೆ ಬೂದು ಬಣ್ಣದ ಚಿತ್ರ ಮೂಡುತ್ತೆ. ಆ ಹಿಡಿಗೆ ಪ್ರೋಬ್ ಅಂತಾರೆ. ಒಳಗೆ ಗಡ್ಡೆ ಇದ್ರೆ ಎಷ್ಟು ದಪ್ಪ ಅಂತ ಅದರಲ್ಲೇ ಅಳೀತಾರೆ. ಸರಿ, ಮಿಷನ್ ಹನ್ನೆರಡು ಮಿಲಿಮೀಟರ್ ಅಂತು. ಅದು ನಿಜ ಅಂತ ಹೇಳೋರು ಯಾರು? ಬದುಕಿರೋ ಮನುಷ್ಯರನ್ನ ಕುಯ್ದು ನೋಡೋಕಾಗುತ್ತಾ? ಅದಕ್ಕೆ ಹುಸಿಮಾಂಸ ಮಾಡ್ತಾರೆ. ಈ ಹೆಸರು ಅವರೇ ಇಟ್ಕೊಂಡಿದ್ದು, ನಾನಲ್ಲ.

ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಜೆಲಟಿನ್ ಪುಡಿ. ಅದಕ್ಕೆ ನೀರು, ಗ್ಲಿಸರಿನ್, ಪೆನ್ಸಿಲ್ ಕಡ್ಡಿಯ ಥರದ ಕಪ್ಪು ಪುಡಿ. ಎಲ್ಲಾ ಸೇರಿಸಿ ಕುದಿಸಿ, ಅಚ್ಚಿಗೆ ಸುರಿದು ಫ್ರಿಜ್ಜಿನಲ್ಲಿ ಇಡ್ತಾರೆ. ಬೆಳಗ್ಗೆ ನೋಡಿದ್ರೆ ಬ್ರೆಡ್ಡಿನಷ್ಟು ದಪ್ಪದ ಬೂದು ಮುದ್ದೆ. ಬೆರಳಲ್ಲಿ ಒತ್ತಿದ್ರೆ ಹೊಟ್ಟೆ ಮುಟ್ಟಿದ ಹಾಗೆ ಅದುರುತ್ತೆ. ನಾನೊಂದು ಸಲ ಮುಟ್ಟಿದ್ದೀನಿ. ಆವತ್ತು ಊಟ ಸೇರಲಿಲ್ಲ.

ಆ ಮುದ್ದೆಯ ನಡುವೆ ಒಂದು ಸುಳ್ಳು ಗಡ್ಡೆ ಇರುತ್ತೆ. ಸರಿಯಾಗಿ ಹನ್ನೆರಡು ಮಿಲಿಮೀಟರ್. ಅದು ತಳಕ್ಕೆ ಮುಳುಗದೆ ನಡುವೆ ನಿಲ್ಲೋಕೆ ದಾರ ಕಟ್ಟಿ ಅಚ್ಚಿನಲ್ಲಿ ಇಳಿಬಿಡಬೇಕು. ನಮ್ಮೋನು ನೀಲಿ ನೈಲಾನ್ ದಾರ ಕಟ್ಟೋನು, ಮೀನು ಹಿಡಿಯೋರು ಇಟ್ಕೊಂಡಿರ್ತಾರಲ್ಲ ಅದು. ಎರಡು ಸುತ್ತು, ಮೇಲೊಂದು ಗಂಟು. ಅರ್ಧ ಸುರಿದ ಮುದ್ದೆ ಗಟ್ಟಿಯಾದ ಮೇಲೆ ದಾರದ ಒಂದು ತುದಿನ ಬುಡಕ್ಕೆ ಕತ್ತರಿಸೋನು, ಇನ್ನೊಂದನ್ನ ಕಿರುಬೆರಳ ಉಗುರಿನಷ್ಟು ಬಿಟ್ಟು, ಉಳಿದರ್ಧ ಮೇಲೆ ಸುರಿಯೋನು. ಅಲ್ಲಿದ್ದ ಹಿರಿಯ ಟೆಕ್ನಿಷಿಯನ್, ಎಲ್ಲರೂ ತಾತ ಅಂತಾರೆ, ಬೈಯೋರು. "ಆ ಬಾಲ ಯಾಕೋ ಬಿಡ್ತೀಯ, ಪರದೆ ಮೇಲೆ ಬೆಳ್ಳಗೆ ಕಾಣುತ್ತೆ." ಇವನು ನಗೋನು. "ಇರಲಿ ಬಿಡಿ ತಾತ, ನಾನು ಮಾಡಿದ್ದು ಅಂತ ಗೊತ್ತಾಗಲಿ."

ಆ ದಾರ ನೆನಪಿಟ್ಕೊಳ್ಳಿ.

ಊರಿನ ಕ್ಲಿನಿಕ್ಕುಗಳ ಮಿಷನ್ನುಗಳು ವರ್ಷಕ್ಕೊಂದು ಸಲ ಇವರ ಲ್ಯಾಬಿಗೆ ಬರಬೇಕು. ಹುಸಿಮಾಂಸದ ಮೇಲೆ ಪ್ರೋಬ್ ಇಟ್ಟು ಗಡ್ಡೆ ಅಳೀತಾರೆ. ಹನ್ನೆರಡು ಅಂತ ಬಂತಾ, ಎತ್ತಬೇಕು. ಲೋಳೆ ಪೂರ್ತಿ ಒರೆಸಬೇಕು. ಹೊಸದಾಗಿ ಹಚ್ಚಿ, ಹೊಸದಾಗಿ ಇಟ್ಟು, ಇನ್ನೊಂದು ಸಲ ಅಳೀಬೇಕು. ಮತ್ತೆ ಎತ್ತು, ಒರೆಸು, ಇಡು. ಒಟ್ಟು ಮೂರು ಸಲ. ಯಾಕೆ? ಕೆಟ್ಟ ಮಿಷನ್ನೂ ಅದೃಷ್ಟಕ್ಕೆ ಒಂದು ಸಲ ಸರಿ ಹೇಳಿಬಿಡುತ್ತೆ. ಕೈ ಎತ್ತಿ ಮತ್ತೆ ಇಟ್ಟಾಗಲೇ ಅದರ ಬಣ್ಣ ಬಯಲಾಗೋದು. ಮೂರೂ ಸಲ ಸರಿ ಬಂದ್ರೆ ಮಿಷನ್ ಮೇಲೆ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಅಳೆದೋನ ಸಹಿ.

ನಮ್ಮೋನು ಏನು ಮಾಡ್ತಿದ್ದ ಗೊತ್ತಾ? ಒಂದೇ ಸಲ ಇಡೋನು. ಪರದೆ ಮೇಲಿನ ಚಿತ್ರಾನ ಹಾಗೇ ನಿಲ್ಲಿಸೋನು. ಆ ಒಂದೇ ಚಿತ್ರದ ಮೇಲೆ ಮೂರು ಸಲ ಗುರುತು ಹಾಕಿ ಮೂರು ರೀಡಿಂಗ್ ಬರೆಯೋನು. ಒಳಗಿರೋ ಗಡ್ಡೆ ಅವನೇ ಮಾಡಿದ್ದು, ಹನ್ನೆರಡು ಅಂತ ಮೊದಲೇ ಗೊತ್ತು, ಇನ್ನು ಮೂರು ಸಲ ಒರೆಸೋ ಕರ್ಮ ಯಾರಿಗೆ ಬೇಕು ಅಂತ. ಹೀಗೆ ಮಾಡಿದ್ರೆ ಮೂರಕ್ಕೂ ವ್ಯತ್ಯಾಸ ಎಷ್ಟು ಬರುತ್ತೆ? ಸೊನ್ನೆ. ತಾತಂಗೆ ಕೂಡ ಅಷ್ಟು ಇಷ್ಟು ವ್ಯತ್ಯಾಸ ಬರೋದು, ಇವನಿಗೆ ಯಾವತ್ತೂ ಸೊನ್ನೆ. ಎಂಥಾ ನಿಖರವಾದ ಕೈ ಅಂತ ಮೇಲಿನೋರು ಹೊಗಳಿದ್ದೇ ಹೊಗಳಿದ್ದು. ಅಲ್ಲಿ ಅವನ ಹೆಸರೇ ಸೊನ್ನೆ ಅಂತ ಆಗಿಹೋಯ್ತು. ನಾನೂ ಹಾಗೇ ಕರೀತಿದ್ದೆ. ನನ್ನ ಸ್ವಂತ ಚಿಕ್ಕಮ್ಮನ ಮಗ, ಆದ್ರೂ ಹೇಳ್ತೀನಿ, ಆ ಹೆಸರು ನೆನೆಸ್ಕೊಂಡ್ರೆ ನನಗೆ ಹೇಸಿಗೆ ಆಗುತ್ತೆ.

ಇನ್ನು ಬಾವಿ. ಹುಸಿಮಾಂಸ ಒಂದು ತಿಂಗಳಿಗೆ ಕೊಳೆಯುತ್ತೆ. ಮೇಲೆ ಹಸಿರು ಬೂಷ್ಟು, ಅಂಚಿನಲ್ಲಿ ಕಂದು ರಸ. ಅದನ್ನ ಹಳದಿ ಚೀಲಕ್ಕೆ ಹಾಕಿ, ಚೀಟಿ ಬರೆದು, ಆಸ್ಪತ್ರೆ ಕಸದ ಗಾಡಿಗೆ ಕೊಡಬೇಕು ಅಂತ ನಿಯಮ. ಚೀಟಿ ಬರೆಯೋಕೆ ಸೋಮಾರಿತನ. ಹಿತ್ತಲಿನಲ್ಲಿ ನೀರಿಲ್ಲದ ಹಳೇ ಬಾವಿ ಇತ್ತಲ್ಲ, ಎಲ್ಲರೂ ಅದಕ್ಕೇ ಎಸೆಯೋರು. ಎಷ್ಟು ವರ್ಷದಿಂದ್ಲೋ. ಒಂದರ ಮೇಲೊಂದು, ಒಳಗೊಂದೊಂದು ಗಡ್ಡೆ ಇಟ್ಕೊಂಡು, ಕತ್ತಲಲ್ಲಿ ಕೊಳೀತಾ ಬಿದ್ದಿರೋವು.

ಆ ಬಾವಿಯಿಂದ ಆ ಮಾತು ಕೇಳಿ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದ.

ಮನೆಯಲ್ಲಿ ಇರೋದು ಇಬ್ಬರೇ, ಇವನು ಮತ್ತೆ ಇವನ ಅಕ್ಕ. ಚಿಕ್ಕಮ್ಮ ಹೋದಾಗ ಇವನಿಗೆ ಒಂಬತ್ತು ವರ್ಷ, ಅವಳಿಗೆ ಇಪ್ಪತ್ತು. ಸಾಕಿದೋಳು ಅವಳೇ. ಅವಳು ಬಸ್ ನಿಲ್ದಾಣದಲ್ಲಿ ಕೆಲಸ ಮಾಡ್ತಿದ್ಲು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡುತ್ತೆ ಅಂತ ಮೈಕಿನಲ್ಲಿ ಹೇಳೋ ಕೆಲಸ. ಅವಳ ಮುಖ ನೋಡದೋರಿಗೂ ಅವಳ ದನಿ ಗೊತ್ತಿತ್ತು. ತುಂಬು ದನಿ. ನಿದ್ದೆಗಣ್ಣಲ್ಲಿದ್ದೋರೂ ಎದ್ದು ಸರಿಯಾದ ಬಸ್ಸು ಹತ್ತೋರು.

ಆರು ತಿಂಗಳ ಹಿಂದೆ ಅವಳ ಕುತ್ತಿಗೆಯಲ್ಲಿ ಒಂದು ಸಣ್ಣ ಗಡ್ಡೆ ಕಂಡಿತ್ತು. ಸ್ಕ್ಯಾನ್ ಮಾಡಿ ಹನ್ನೆರಡು ಮಿಲಿಮೀಟರ್ ಅಂದಿದ್ರು. ಬೆಳೆದ್ರೆ ಆಪರೇಷನ್, ಬೆಳೆಯದಿದ್ರೆ ಮುಟ್ಟೋದು ಬೇಡ. ಆವತ್ತು ಎರಡನೇ ಸ್ಕ್ಯಾನ್ ಇತ್ತು.

"ಹನ್ನೆರಡೇ ಕಣೋ," ಅಂದ್ಲು. ಕುತ್ತಿಗೆಗೆ ಮಫ್ಲರ್ ಸುತ್ತಿದ್ಲು. "ಒಂಚೂರೂ ಬೆಳೆದಿಲ್ಲ. ಇನ್ನಾರು ತಿಂಗಳು ಬಿಟ್ಟು ಬನ್ನಿ ಅಂದ್ರು."

"ಯಾವ ಕ್ಲಿನಿಕ್ ಅಕ್ಕ?"

"ಅದೇ, ಚಪ್ಪಲಿ ಅಂಗಡಿ ಮೇಲಿನದು. ಮೊದಲನೇದು ದೊಡ್ಡಾಸ್ಪತ್ರೆಯಲ್ಲಿ ಆಗಿತ್ತು. ಅಲ್ಲಿ ಈಗ ಯಾರು ಸಾಲಿನಲ್ಲಿ ನಿಲ್ಲೋದು? ಮೊದಲು ಅನುಮಾನ ಬಂತು ನನಗೆ, ಆ ಹಿಡಿಗೆ ಬಿಳಿ ಟೇಪು ಬೇರೆ ಸುತ್ತಿದ್ರು. ಆಮೇಲೆ ಮಿಷನ್ ಪಕ್ಕದಲ್ಲಿ ನೋಡ್ತೀನಿ, ನಿನ್ನ ಸಹಿ." ಅವಳ ಮುಖ ಅರಳಿತು. "ನನ್ನ ತಮ್ಮ ನೋಡಿರೋ ಮಿಷನ್ನು ಅಂತ ಸ್ಕ್ಯಾನ್ ಮಾಡೋ ಹುಡುಗಿಗೂ ಹೇಳ್ದೆ."

ಬಿಳಿ ಟೇಪು ಸುತ್ತಿದ ಪ್ರೋಬ್. ಅವನಿಗೆ ಚೆನ್ನಾಗಿ ನೆನಪಿತ್ತು. ಊಟದ ಹೊತ್ತಿಗೆ ಬಂದಿದ್ದು. ಒಂದು ಸಲ ಇಟ್ಟ, ಹನ್ನೆರಡು ಬಂತು. ಚಿತ್ರ ನಿಲ್ಲಿಸಿ ಮೂರು ಸಲ ಬರೆದ. ಸ್ಟಿಕ್ಕರ್ ಅಂಟಿಸಿ ಊಟಕ್ಕೆ ಹೋದ.

ಹೇಳಬೇಕಿತ್ತೋ ಬೇಡವೋ? ಅಲ್ಲೇ, ಆ ಕ್ಷಣವೇ, "ಅಕ್ಕ, ಆ ಮಿಷನ್ ನಾನು ಸರಿಯಾಗಿ ನೋಡಿಲ್ಲ, ಬೇರೆ ಕಡೆ ಹೋಗೋಣ" ಅಂತ. ಹೇಳಲಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ, ಮಾನ ಹೋಗುತ್ತೆ. "ಒಳ್ಳೇದಾಯ್ತು ಬಿಡು" ಅಂತ ಅಂದು ಕೈ ತೊಳ್ಕೊಳ್ಳೋಕೆ ಹೋದ.

ಮಾರನೇ ದಿನ ಬೆಳಗ್ಗೆ ಹನ್ನೊಂದು ಗಂಟೆ. ದೆವ್ವ ಅಂದ್ರೆ ರಾತ್ರಿಯೇ ಬರಬೇಕು ಅಂತ ನಿಮಗೆ ಯಾರು ಹೇಳಿಕೊಟ್ರೋ ನನಗೆ ಗೊತ್ತಿಲ್ಲ. ಪರದೆ ಚೆನ್ನಾಗಿ ಕಾಣಲಿ ಅಂತ ಆ ಕೋಣೆಯಲ್ಲಿ ಕಿಟಕಿ ಇಟ್ಟಿಲ್ಲ, ದೀಪ ಯಾವಾಗಲೂ ಆರಿಸಿರ್ತಾರೆ. ಮಿಷನ್ನಿನ ಫ್ಯಾನು ಗುಂಯ್ ಅಂತಿರುತ್ತೆ. ಅಷ್ಟೇ.

ರಾತ್ರಿಯಿಡೀ ಅವನು ನಿದ್ದೆ ಮಾಡಿರಲಿಲ್ಲ. ಮೊನ್ನೆ ತಾನೇ ಮಾಡಿದ ಹೊಸ ಹುಸಿಮಾಂಸ ತಗೊಂಡ. ಲ್ಯಾಬಿನದೇ ಮಿಷನ್, ಅಲ್ಲಿರೋದರಲ್ಲೆಲ್ಲಾ ಒಳ್ಳೇದು. ಜೀವಮಾನದಲ್ಲಿ ಮೊದಲ ಸಲ ನಿಯತ್ತಾಗಿ ಅಳೆಯೋಕೆ ಕೂತ. ಇಟ್ಟ. ಹನ್ನೆರಡು. ಎತ್ತಿದ. ಪಚಕ್... ಒರೆಸಿದ, ಹಚ್ಚಿದ, ಇಟ್ಟ. ಹನ್ನೆರಡು. ಎತ್ತಿದ. ಪಚಕ್... ಒರೆಸಿದ, ಹಚ್ಚಿದ, ಇಟ್ಟ.

ಹದಿಮೂರು.

ಕಣ್ಣುಜ್ಜಿಕೊಂಡು ಮತ್ತೆ ಅಳೆದ. ಹದಿಮೂರು. ಗಡ್ಡೆ ಪಕ್ಕದಲ್ಲಿ ಅವನ ದಾರದ ಬಾಲ ಬೆಳ್ಳಗೆ ಕಾಣ್ತಿತ್ತು. ಅದು ಅಲ್ಲಾಡ್ತಿತ್ತು ಅಂತಾನೆ. ಮೆಲ್ಲಗೆ, ತಾಳಕ್ಕೆ ಸರಿಯಾಗಿ. ನಾಡಿ ಹೊಡ್ಕೊಳ್ಳೋ ಹಾಗೆ.

ತಾತನ್ನ ಕರೆದ. ತಾತ ಕನ್ನಡಕ ಸರಿ ಮಾಡ್ಕೊಂಡು ಮೂರು ಸಲ ಅಳೆದ್ರು, ಪ್ರತಿ ಸಲ ಎತ್ತಿ, ಒರೆಸಿ. ಹನ್ನೆರಡು. ಹನ್ನೆರಡು ಪಾಯಿಂಟ್ ಒಂದು. ಹನ್ನೆರಡು.

"ಸರಿಯಾಗೇ ಇದೆಯಲ್ಲೋ."

"ನಾನು ಇಟ್ರೆ ಹದಿಮೂರು ಬರ್ತಿದೆ ತಾತ."

ತಾತ ಅವನ ಮುಖಾನೇ ನೋಡಿದ್ರು. "ನಿನಗಾ? ನಿನಗೆ ಸೊನ್ನೆ ತಾನೇ ಬರಬೇಕು." ಆ ಮಾತಲ್ಲಿ ತಮಾಷೆ ಇರಲಿಲ್ಲ. ಮುದುಕಂಗೆ ಮೊದಲಿಂದಲೂ ಗೊತ್ತಿತ್ತು ಅಂತ ಕಾಣುತ್ತೆ. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಅದೂ ಒಂದು ಹೇಸಿಗೆಯೇ.

ಎರಡು ದಿನಕ್ಕೆ ಹದಿನಾಲ್ಕು. ಐದನೇ ದಿನ ಹದಿನೈದು. ಅವನು ಕೈ ಇಟ್ಟಾಗ ಮಾತ್ರ. ಜೊತೆಗೆ ಮುದ್ದೆ ಬದಲಾಗ್ತಾ ಬಂತು. ಫ್ರಿಜ್ಜಿನಿಂದ ತೆಗೆದ್ರೂ ಬೆಚ್ಚಗಿರೋದು, ಜ್ವರ ಬಂದೋರ ಮೈ ಹಾಗೆ. ಲೋಳೆ ಹಚ್ಚೋ ಮೊದಲೇ ಮೇಲೆ ಜಿಡ್ಡು ಬೆವರಿರೋದು. ಒರೆಸಿದ್ರೆ ಬಟ್ಟೆಗೆ ಹಳದಿ ಕಲೆ. ಏಳನೇ ದಿನ ದೀಪ ಹಾಕಿ ಹತ್ತಿರದಿಂದ ನೋಡಿದ... ಚರ್ಮದಲ್ಲಿರೋ ಹಾಗೆ ಸಣ್ಣ ಸಣ್ಣ ರಂಧ್ರ. ಕೆಲವು ರಂಧ್ರದಲ್ಲಿ ಕೂದಲು. ಮೃದುವಾದ, ಬಿಳೀ ಕೂದಲು, ಹೆಂಗಸರ ಕತ್ತಿನ ಹಿಂದೆ ಇರುತ್ತಲ್ಲ ಅಂಥದು. ವಾಕರಿಕೆ ತಡೆಯೋಕಾಗದೆ ಸಿಂಕಿಗೆ ಓಡಿದ. ಬಾಯಿ ತೊಳ್ಕೊಂಡು ಬರೋಷ್ಟರಲ್ಲಿ ಕೋಣೆಯಲ್ಲಿ ಯಾರೂ ಇಲ್ಲ, ಆದ್ರೂ... ಪಚಕ್.

ಪ್ರೋಬ್ ಅದರ ಕೊಂಡಿಯಲ್ಲೇ ನೇತಾಡ್ತಿತ್ತು.

ಮನೆಯಲ್ಲಿ ಅಕ್ಕನ ದನಿ ಒಡೀತಾ ಇತ್ತು. "ಮೈಕು ಕೆಟ್ಟಿದೆ ಅಂತ ಜನ ದೂರು ಕೊಟ್ಟಿದ್ದಾರಂತೆ ನೋಡು," ಅಂತ ನಕ್ಕಳು. ನಗು ಕೂಡ ಕರಕರ ಅಂತು. "ನೆಗಡಿ ಇರಬೇಕು. ಹೋಗುತ್ತೆ ಬಿಡು." ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಆವತ್ತೂ ಹೇಳಲಿಲ್ಲ. ಮಾರನೇ ದಿನವೂ ಹೇಳಲಿಲ್ಲ. ಹದಿನಾರು, ಹದಿನೇಳು. ಪರದೆ ಮೇಲಿನ ಆ ಅಂಕಿ ಯಾರದು ಅಂತ ಅವನಿಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ.

ಹನ್ನೊಂದನೇ ದಿನ ಹತ್ತೊಂಬತ್ತು.

ಆವತ್ತು ಸಂಜೆ ಊಟ ಮಾಡ್ತಾ ಅಕ್ಕನಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಕಣ್ಣು ಮೇಲೆ ಹೋಯ್ತು, ಮುಖ ಕಪ್ಪಿಟ್ಟಿತು. ಇವನು ಬೆನ್ನಿಗೆ ಗುದ್ದಿ ಗುದ್ದಿ, ಹೇಗೋ ಹೊರಗೆ ಬಂತು. ಅವಳು ಒಂದು ಲೋಟ ನೀರನ್ನ ಗುಟುಕು ಗುಟುಕಾಗಿ ಕುಡಿಯೋಕೆ ಅರ್ಧ ಗಂಟೆ ತಗೊಂಡ್ಲು. ಆಗಲಾದ್ರೂ ಹೇಳಬೇಕು ತಾನೇ? ಇವನು ಎದ್ದು ಲ್ಯಾಬಿಗೆ ಹೋದ. ಆ ಮುದ್ದೆನ ಎತ್ಕೊಂಡು, ಬಾವಿ ಮುಚ್ಚಳ ಕಿರ್ರ್... ಅಂತ ಸರಿಸಿ, ಒಳಗೆ ಎಸೆದ. ಅದು ಇಲ್ಲದಿದ್ರೆ ಅಂಕಿ ಬೆಳೆಯಲ್ಲ ಅಂತ ಅವನ ಲೆಕ್ಕ. ಕಣ್ಣಿಂದ ದೂರ ಮಾಡಿದ್ರೆ ಆಯ್ತು ಅಂತ ಬದುಕಿದೋನು ಇನ್ನೇನು ಮಾಡ್ತಾನೆ.

ದೊಪ್ಪಂತ ಬೀಳೋ ಸದ್ದಿಗೆ ಕಾದ. ಬೀಳಲಿಲ್ಲ. ಯಾರೋ ಕೆಳಗೆ ಎರಡೂ ಕೈ ಚಾಚಿ ಹಿಡ್ಕೊಂಡ ಹಾಗೆ.

ಬೆಳಗ್ಗೆ ಬೀಗ ತೆಗೆದು ಕೋಣೆಗೆ ಹೋದ್ರೆ ಮುದ್ದೆ ಮೇಜಿನ ಮೇಲಿತ್ತು. ಕೀ ಇದ್ದಿದ್ದು ಇವನ ಹತ್ತಿರ ಒಂದೇ. ಮೈಗೆಲ್ಲಾ ಬಾವಿಯ ಕಪ್ಪು ರೊಚ್ಚೆ ಮೆತ್ತಿತ್ತು, ವರ್ಷಗಟ್ಟಲೆ ಕೊಳೆತಿದ್ದೆಲ್ಲಾ ಒಟ್ಟಿಗೆ ಉಗಿದ ಹಾಗೆ ನಾತ. ರೊಚ್ಚೆ ಮೇಜಿನ ಅಂಚಿಂದ ತೊಟ್ ತೊಟ್ ಅಂತ ನೆಲಕ್ಕೆ ಬೀಳ್ತಿತ್ತು. ನೆಲದ ಮೇಲೆ, ಬಾಗಿಲಿಂದ ಮೇಜಿನವರೆಗೆ, ಹೆಜ್ಜೆ ಗುರುತು ಏನೂ ಇರಲಿಲ್ಲ. ಮುದ್ದೆ ಪಕ್ಕದಲ್ಲಿ ಅವನ ಕಳೆದುಹೋದ ಚಪ್ಪಲಿ ಇತ್ತು. ಒರೆಸಿ ಇಟ್ಟಿತ್ತು.

ಚಾಕು ತಗೊಂಡ. ಮೂಗಿಗೆ ಬಟ್ಟೆ ಕಟ್ಕೊಂಡು, ಮುದ್ದೆನ ಉದ್ದಕ್ಕೆ ಸೀಳಿದ. ಜೆಲಟಿನ್ ಕುಯ್ದ ಹಾಗೆ ಆಗಲಿಲ್ಲ ಅಂತಾನೆ, ಎಳೆ ಎಳೆಯಾಗಿ ಹರೀತಂತೆ. ಕೈ ಮೇಲೆಲ್ಲಾ ಬಿಸಿ ರಸ. ನಡುವೆ ನೋಡ್ತಾನೆ, ಗಡ್ಡೆ ಇಲ್ಲ. ದಾರವೂ ಇಲ್ಲ. ಬರೀ ಒಂದು ಗುಂಡಗಿನ ಪೊಳ್ಳು, ಒಳಗೆ ನಯವಾಗಿ, ಒದ್ದೆಯಾಗಿ. ಅಳೆದ. ಸ್ಕೇಲು ಎತ್ತಿ, ಒರೆಸಿ, ಮತ್ತೆ ಅಳೆದ. ಇನ್ನೊಂದು ಸಲ. ಮೂರೂ ಸಲ ಹತ್ತೊಂಬತ್ತು.

ಹಿಂದಿಂದ, ಕಿವಿ ಪಕ್ಕದಲ್ಲೇ, ಆ ಪಿಸುಮಾತು. "ನೋಡಿದ್ಯಾ?"

ತಿರುಗಿ ನೋಡಲಿಲ್ಲ ಅವನು. ಕೈ ಕೂಡ ಪೂರ್ತಿ ತೊಳೆಯದೆ ಬಸ್ ನಿಲ್ದಾಣಕ್ಕೆ ಓಡಿದ.

ಅಕ್ಕ ತನ್ನ ಗಾಜಿನ ಗೂಡಿನಲ್ಲಿ ಕೂತಿದ್ಲು. ಇವನು ಬಾಗಿಲು ಹಾಕ್ಕೊಂಡು ಎಲ್ಲಾ ಹೇಳಿದ. ಊಟದ ಹೊತ್ತು, ಬಿಳಿ ಟೇಪು, ಒಂದೇ ಚಿತ್ರ, ಮೂರು ಗುರುತು. ಬಾವಿ ವಿಷಯ ಹೇಳಲಿಲ್ಲ. ಅವಳು ಕೇಳ್ತಾ ಕೇಳ್ತಾ ಮಧ್ಯೆ ಕೈ ಎತ್ತಿ ತಡೆದ್ಲು, ಮೈಕಿನ ಗುಂಡಿ ಒತ್ತಿ, ಒಡಕು ದನಿಯಲ್ಲಿ ನಾಲ್ಕನೇ ಅಂಕಣದ ಬಸ್ಸು ಹೊರಡ್ತಿದೆ ಅಂತ ಹೇಳಿ, ಗುಂಡಿ ಬಿಟ್ಲು. ಆಮೇಲೆ ಮಫ್ಲರ್ ಬಿಚ್ಚಿದ್ಲು.

"ಕೈ ಇಡು ಇಲ್ಲಿ."

ಇಟ್ಟ. ಬೆರಳ ಕೆಳಗೆ ಗಟ್ಟಿಯಾಗಿ ಸಿಕ್ಕಿತು.

"ಎತ್ತು. ಮತ್ತೆ ಇಡು." ಇಟ್ಟ. "ಎತ್ತು. ಇನ್ನೊಂದ್ಸಲ ಇಡು." ಇಟ್ಟ.

"ಎಷ್ಟು ಹೊತ್ತಾಯ್ತೋ?"

ಅವನು ಗೋಡೆ ಗಡಿಯಾರ ನೋಡಿದ.

"ಅರ್ಧ ನಿಮಿಷ ಆಗಿಲ್ಲ," ಅಂದ್ಲು. ಅವನ ಕೈ ವಾಸನೆ ಅವಳ ಮೂಗಿಗೆ ಬಡೀತು, ಮುಖ ಕಿವುಚಿ ಕುರ್ಚಿ ಹಿಂದಕ್ಕೆ ಎಳ್ಕೊಂಡ್ಲು. ಗಾಜಿನಾಚೆ ಜನ ಗಂಟು ಮೂಟೆ ಹೊತ್ಕೊಂಡು ಬಸ್ಸಿನ ಕಡೆ ಹೋಗ್ತಿದ್ರು. "ಇವರಲ್ಲಿ ಎಷ್ಟು ಜನರ ಮೇಲೆ ನಿನ್ನ ಸಹಿ ಇದೆ? ಅದನ್ನ ಮೊದಲು ಹೋಗಿ ಹೇಳು ನಿಮ್ಮ ಆಫೀಸಿನಲ್ಲಿ. ಹೇಳಿದ ಮೇಲೆ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು. ಅಲ್ಲೀತನಕ ನನ್ನನ್ನ ಮುಟ್ಟಬೇಡ."

ಹೋಗಿ ಹೇಳಿದ. ಅಷ್ಟಾದ್ರೂ ಮಾಡಿದ. ಅವನ ಸಹಿ ಇದ್ದ ನಲವತ್ತೊಂದು ಮಿಷನ್ನು ವಾಪಸ್ ತರಿಸಿದ್ರು. ತಾತ ಒಬ್ಬರೇ ಕೂತು ಎಲ್ಲಾನೂ ಮೂರು ಮೂರು ಸಲ ಅಳೆದ್ರು. ಏಳು ಕೆಟ್ಟಿದ್ವು. ಬಿಳಿ ಟೇಪಿನದು ಒಂದು ಸಲ ಸರಿ ಹೇಳೋದು, ಇನ್ನೊಂದು ಸಲ ಗಡ್ಡೆಯ ಅಂಚು ತಿಂದು ಹಾಕೋದು. ಆ ಕೆಲಸ ಅವನಿಗೆ ಅಲ್ಲಿಗೇ ಮುಗೀತು. ಬಾವಿನ ಖಾಲಿ ಮಾಡಿಸೋಕೆ ಮೂರು ದಿನ ಹಿಡೀತಂತೆ. ಬಂದ ಕೂಲಿಯೋರಲ್ಲಿ ಇಬ್ಬರು ಮೊದಲ ದಿನವೇ ವಾಂತಿ ಮಾಡ್ಕೊಂಡು ಹೋದೋರು ವಾಪಸ್ ಬರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಅಕ್ಕನ ಗಡ್ಡೆ ಅಳೆದ್ರು. ಹತ್ತೊಂಬತ್ತು. ನಾಲ್ಕನೇ ದಿನಕ್ಕೆ ಆಪರೇಷನ್. ಆವತ್ತು ನಾನೂ ಹೋಗಿದ್ದೆ. ಹಸಿರು ಬಾಗಿಲ ಹೊರಗೆ ಬೆಂಚಿನ ಮೇಲೆ ಇವನು ತನ್ನ ಕೈಗಳನ್ನೇ ನೋಡ್ತಾ ಕೂತಿದ್ದ. ನಡುನಡುವೆ ಮೂಸಿ ನೋಡ್ಕೊಳ್ಳೋನು. ಆಗಲೇ ನನಗೆ ಬಾವಿ ವಿಷಯ ಹೇಳಿದ್ದು, ಮೊದಲಿಂದ ಕೊನೆತನಕ, ತಗ್ಗಿದ ದನಿಯಲ್ಲಿ. ತಲೆ ಕೆಟ್ಟಿದೆ ಇವನಿಗೆ ಅಂದ್ಕೊಂಡೆ ನಾನು.

ಡಾಕ್ಟರಮ್ಮ ಹೊರಗೆ ಬಂದ್ರು. ಜೀವಕ್ಕೆ ಅಪಾಯ ಇಲ್ಲ ಅಂದ್ರು. ಗಡ್ಡೆ ದನಿಯ ನರಾನ ಸುತ್ತಿಕೊಂಡುಬಿಟ್ಟಿತ್ತು, ಎರಡು ವಾರ ಮೊದಲು ಬಂದಿದ್ರೆ ಬಿಡಿಸಬಹುದಿತ್ತೇನೋ, ಈಗ ನರ ಉಳಿಸೋಕಾಗಲಿಲ್ಲ ಅಂದ್ರು. ಎರಡು ವಾರ. ನಾನು ಇವನ ಮುಖ ನೋಡಿದೆ. ಹನ್ನೊಂದು ದಿನ ಸುಮ್ಮನೆ ಕೂತಿದ್ದೋನ ಮುಖ. ನನಗೆ ಅಲ್ಲೇ ಉಗೀಬೇಕು ಅನ್ನಿಸ್ತು.

ಡಾಕ್ಟರಮ್ಮ ಹೋಗೋರು ನಿಂತ್ರು. "ಇವರಿಗೆ ಮುಂಚೆ ಕುತ್ತಿಗೆ ಆಪರೇಷನ್ ಆಗಿತ್ತಾ?"

"ಇಲ್ಲ," ಅಂದೆ ನಾನು. "ಯಾವತ್ತೂ ಇಲ್ಲ."

"ಮತ್ತೆ ಇದು ಹೇಗೆ ಬಂತು?" ಅಂತ ಒಂದು ಸಣ್ಣ ಬಾಟಲಿ ತೋರಿಸಿದ್ರು. "ಗಡ್ಡೆ ಒಳಗಿತ್ತು. ಹೊಲಿಗೆ ಹಾಕಿದ ಹಾಗೂ ಕಾಣಲ್ಲ."

ಇವನು ಬಾಟಲಿ ನೋಡಿದ. ನೋಡಿ ಬೆಂಚಿನಿಂದ ಜಾರಿ ನೆಲದ ಮೇಲೆ ಕೂತ.

ಸಂಜೆ ಅಕ್ಕನಿಗೆ ಎಚ್ಚರ ಆಯ್ತು. ಕುತ್ತಿಗೆ ತುಂಬಾ ಪಟ್ಟಿ. ಇವನು ಹಾಸಿಗೆ ಪಕ್ಕದಲ್ಲಿ ನಿಂತಿದ್ದ, ಮುಟ್ಟಲಿಲ್ಲ. ಅವಳು ಕಣ್ಣು ಬಿಟ್ಟು, ಕೈ ಎತ್ತಿ, ಪಟ್ಟಿ ಕಡೆ ಬೆರಳು ತೋರಿಸಿದ್ಲು. ಎಲ್ಲಾ ತೆಗೆದಿದ್ದಾರಾ ಅಂತ ಕೇಳ್ತಿದ್ಲು ಅಂತ ನನಗೆ ಅನ್ನಿಸ್ತು. ಬಾಯಿ ತೆರೆದ್ಲು. ದನಿ ಬರಲಿಲ್ಲ. ಬರೀ ಉಸಿರು.

"ಇನ್ನೊಂದ್ಸಲ ನೋಡೋ..."

ಅವನು ಎರಡೂ ಕಿವಿ ಮುಚ್ಕೊಂಡ. ಬೆಂಚಿನ ಮೇಲೆ ಇವನು ಆ ಪಿಸುಮಾತನ್ನ ನನಗೆ ಹೇಗೆ ಆಡಿ ತೋರಿಸಿದ್ದನೋ, ಹಾಗೇ ಇತ್ತು. ಅಕ್ಕ ಇವತ್ತಿಗೂ ಹಾಗೇ ಮಾತಾಡೋದು. ಬಸ್ ನಿಲ್ದಾಣದಲ್ಲಿ ಈಗ ಬೇರೆ ಯಾರೋ ಕೂಗ್ತಾರೆ.

ಆ ಬಾಟಲಿನ ಅವನು ಮನೆಯಲ್ಲಿ ಇಟ್ಕೊಳ್ಳೋಕೆ ಒಪ್ಪಲಿಲ್ಲ, ನನಗೆ ಕೊಟ್ಟ. ನನ್ನ ಕಪಾಟಿನಲ್ಲಿದೆ, ಮಾತ್ರೆ ಡಬ್ಬಿಯ ಹಿಂದೆ. ಬೇಕಾದ್ರೆ ಈಗಲೇ ದೀಪ ಹಾಕಿ ತೋರಿಸ್ತೀನಿ. ಒಂದು ಚೂರು ನೀಲಿ ನೈಲಾನ್ ದಾರ. ಎರಡು ಸುತ್ತು, ಮೇಲೊಂದು ಗಂಟು. ಒಂದು ತುದಿ ಬುಡಕ್ಕೆ ಕತ್ತರಿಸಿದೆ. ಇನ್ನೊಂದು ಕಿರುಬೆರಳ ಉಗುರಿನಷ್ಟು ಉದ್ದ ಇದೆ.